ಒಂದು ದಿನದ ಅಡುಗೆ, ಹತ್ತು ಅಂಗಡಿಗಳ ವ್ಯಾಪಾರ

ಯುಗಾದಿ, ಗಣೇಶನ ಚೌತಿ, ದಸರೆ, ದೀಪಾವಳಿಗಳ ವ್ಯಾಪಾರದ ಬಗ್ಗೆ ವರ್ತಕರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯಾವ ವಾರದಲ್ಲಿ ಬೆಲ್ಲದ ದರ ಏರುತ್ತದೆ, ಯಾವ ವಾರದಲ್ಲಿ ರವೆ ಮತ್ತು ಮೈದಾ ಬೇಗ ಖರ್ಚಾಗುತ್ತವೆ ಎಂಬುದು ತಲೆಮಾರುಗಳಿಂದ ಬಂದ ಅರಿವು. ಆದರೆ ಈ ದೊಡ್ಡ ಹಬ್ಬಗಳ ನಡುವೆ, ಹೆಚ್ಚು ಸದ್ದಿಲ್ಲದೆ ಬಂದುಹೋಗುವ ಸಣ್ಣ ದಿನಗಳು ಅನೇಕ. ಅವುಗಳಿಗೆ ಸರ್ಕಾರಿ ರಜೆಯಿಲ್ಲ, ಪಟಾಕಿಯಿಲ್ಲ, ಬಟ್ಟೆಯಂಗಡಿಗಳ ಮುಂದೆ ಸಾಲೂ ಇಲ್ಲ. ಅವುಗಳ ಆಚರಣೆಯೆಲ್ಲ ಅಡುಗೆಮನೆಯಲ್ಲಿ ಆರಂಭವಾಗಿ ಊಟದ ಎಲೆಯ ಮೇಲೆ ಮುಗಿಯುತ್ತದೆ.

ಇಂತಹ ಆಹಾರದ ದಿನಗಳು ಪ್ರಪಂಚದ ಎಲ್ಲೆಡೆ ಇವೆ. ಕೆಲವು ಧರ್ಮ ಮತ್ತು ಬೇಸಾಯದಿಂದ ಹುಟ್ಟಿದವು; ಕೆಲವನ್ನು ವರ್ತಕರೇ ಹುಟ್ಟುಹಾಕಿದರು; ಮತ್ತೆ ಕೆಲವು ವಿಶ್ವಸಂಸ್ಥೆಯ ನಿರ್ಣಯದಿಂದ ಬಂದವು. ಇವುಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಸಣ್ಣ ಉದ್ದಿಮೆದಾರರಿಗೆ ಉಪಯುಕ್ತವಾದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮನೆಯವರೆಲ್ಲ ಸೇರಿ ಅಡುಗೆ ಮಾಡುವ ದಿನದ ವ್ಯಾಪಾರ ಹತ್ತಾರು ಅಂಗಡಿಗಳಿಗೆ ಹಂಚಿಹೋಗುತ್ತದೆ. ಸಿದ್ಧಪಡಿಸಿದ ಒಂದೇ ತಿನಿಸನ್ನು ಕೊಳ್ಳುವ ದಿನದ ವ್ಯಾಪಾರ ಕೆಲವೇ ಕೈಗಳಲ್ಲಿ ಉಳಿಯುತ್ತದೆ. ಅದರ ನಷ್ಟವೂ ಆ ಕೈಗಳ ಮೇಲೆಯೇ ಬೀಳುತ್ತದೆ.

ಮೊಟ್ಟೆ, ಹಾಲು ಮತ್ತು ಬೆಣ್ಣೆಯ ಮಂಗಳವಾರ

ಬ್ರಿಟನ್ನಿನ ಪ್ಯಾನ್‌ಕೇಕ್ ದಿನವು ಇದಕ್ಕೆ ಹಳೆಯ ನಿದರ್ಶನ. ಕ್ರೈಸ್ತರ ತಪಸ್ಸುಕಾಲ ಆರಂಭವಾಗುವ ಹಿಂದಿನ ದಿನ, ಅಂದರೆ ಈಸ್ಟರ್‌ಗಿಂತ 47 ದಿನ ಮೊದಲು, ಶ್ರೋವ್ ಮಂಗಳವಾರ ಬರುತ್ತದೆ. ಉಪವಾಸದ ದಿನಗಳಲ್ಲಿ ಬಳಸಬಾರದ ಮೊಟ್ಟೆ, ಹಾಲು ಮತ್ತು ಬೆಣ್ಣೆ ಮನೆಯಲ್ಲಿ ಕೆಟ್ಟುಹೋಗಬಾರದೆಂದು ಅವುಗಳನ್ನು ಹಿಟ್ಟಿಗೆ ಬೆರೆಸಿ ತೆಳ್ಳನೆಯ ದೋಸೆಯಂತೆ ಹುಯ್ದು ತಿನ್ನುವ ಪದ್ಧತಿ ಬೆಳೆಯಿತು. ಇದು ಮೂಲತಃ ಉಳಿತಾಯದ ಹಬ್ಬ. ಓಲ್ನಿ ಎಂಬ ಊರಿನಲ್ಲಿ ಕಾವಲಿಯನ್ನು ಕೈಯಲ್ಲಿ ಹಿಡಿದು ಮಹಿಳೆಯರು ಓಡುವ ಪಂದ್ಯವು 1445ರಿಂದ ಬಂದುದೆಂದು ಪ್ರತೀತಿ.

ಇಂದು ಉಪವಾಸ ಹಿಡಿಯದ ಮನೆಗಳಲ್ಲಿಯೂ ಆ ಸಂಜೆ ಮಕ್ಕಳು ಕಾವಲಿಯ ಸುತ್ತ ನೆರೆಯುತ್ತಾರೆ. ಪ್ಯಾನ್‌ಕೇಕನ್ನು ಗಾಳಿಯಲ್ಲಿ ಮೇಲಕ್ಕೆಸೆದು ಮಗುಚುವುದು ಅವರಿಗೆ ದೊಡ್ಡ ಆಟ. ಮೇಲೆ ನಿಂಬೆಯ ರಸ ಹಿಂಡಿ ಸಕ್ಕರೆ ಉದುರಿಸುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಗಮನಿಸಬೇಕಾದುದು ಇಷ್ಟು: ಒಂದು ಸಂಜೆಯ ಈ ಆಟದಿಂದ ಹಿಟ್ಟಿನ ಗಿರಣಿ, ಕೋಳಿ ಸಾಕಣೆಗಾರ, ಹಾಲಿನವನು, ನಿಂಬೆಯ ವ್ಯಾಪಾರಿ, ಸಕ್ಕರೆಯ ಅಂಗಡಿ, ಕಾವಲಿ ತಯಾರಕ ಎಲ್ಲರಿಗೂ ಒಂದಿಷ್ಟು ಸಲ್ಲುತ್ತದೆ. ಅಂದು ಮಾರಾಟವಾಗದೆ ಉಳಿದ ಹಿಟ್ಟು ಮತ್ತು ಸಕ್ಕರೆ ಮರುದಿನವೂ ಹಿಟ್ಟು ಮತ್ತು ಸಕ್ಕರೆಯೇ.

ಅಮೆರಿಕದ ಡೋನಟ್ ದಿನದ ಕಥೆ ಬೇರೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದ ಬಳಿ ಸೈನಿಕರಿಗೆ ಡೋನಟ್ ಕರಿದುಕೊಟ್ಟ ಸಾಲ್ವೇಶನ್ ಆರ್ಮಿಯ ಮಹಿಳೆಯರ ನೆನಪಿಗಾಗಿ, ಆರ್ಥಿಕ ಕುಸಿತದ ಕಾಲದಲ್ಲಿ ಬಡವರಿಗೆ ಹಣ ಕೂಡಿಸಲು, 1938ರಲ್ಲಿ ಷಿಕಾಗೊ ನಗರದಲ್ಲಿ ಇದು ಆರಂಭವಾಯಿತು. ಜೂನ್ ತಿಂಗಳ ಮೊದಲ ಶುಕ್ರವಾರ ಇದರ ದಿನ. 1984ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಜುಲೈ ತಿಂಗಳನ್ನು ಐಸ್‌ಕ್ರೀಮ್ ಮಾಸವೆಂದೂ ಆ ತಿಂಗಳ ಮೂರನೆಯ ಭಾನುವಾರವನ್ನು ಐಸ್‌ಕ್ರೀಮ್ ದಿನವೆಂದೂ ಘೋಷಿಸಿದರು. ಇಂತಹ ದಿನಗಳಲ್ಲಿ ದೊಡ್ಡ ಮಳಿಗೆಗಳು ಉಚಿತವಾಗಿ ಒಂದನ್ನು ಕೊಟ್ಟು ಗಿರಾಕಿಗಳನ್ನು ಸೆಳೆಯುತ್ತವೆ. ಉಚಿತವಾಗಿ ಕೊಡುವ ಶಕ್ತಿ ದೊಡ್ಡವರಿಗುಂಟು. ಪಕ್ಕದ ಸಣ್ಣ ಬೇಕರಿಗೆ ಅದು ಸುಲಭವಲ್ಲ.

ಜಪಾನಿನ ಸುರುಳಿ ಕಲಿಸಿದ ಪಾಠ

ವರ್ತಕರೇ ಬೆಳೆಸಿದ ಆಹಾರದ ದಿನವೊಂದು ಎಷ್ಟು ಎತ್ತರಕ್ಕೇರಿ ಎಲ್ಲಿ ಎಡವಬಲ್ಲದು ಎಂಬುದನ್ನು ಜಪಾನಿನ ಎಹೋಮಾಕಿಯಲ್ಲಿ ಕಾಣಬಹುದು. ಚಳಿಗಾಲ ಮುಗಿದು ವಸಂತ ಕಾಲಿಡುವ ಮುನ್ನಾದಿನವನ್ನು ಅಲ್ಲಿ ಸೆತ್ಸುಬುನ್ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಫೆಬ್ರವರಿ 3ರಂದು ಬರುತ್ತದೆ. ಅಂದು ಅನ್ನ, ತರಕಾರಿ, ಮೊಟ್ಟೆ, ಮೀನು ಮೊದಲಾದವುಗಳನ್ನು ನೋರಿ ಎಂಬ ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ದಪ್ಪ ಸುರುಳಿಯನ್ನು ತಿನ್ನುತ್ತಾರೆ. ಅದನ್ನು ಕತ್ತರಿಸಬಾರದು. ಆ ವರ್ಷದ ಶುಭ ದಿಕ್ಕಿಗೆ ಮುಖ ಮಾಡಿ, ಮಾತಾಡದೆ, ಇಡಿಯಾಗಿ ತಿಂದು ಮುಗಿಸಬೇಕು. ಏಳು ಭಾಗ್ಯದೇವತೆಗಳ ಹೆಸರಿನಲ್ಲಿ ಏಳು ಬಗೆಯ ಹೂರಣ ಹಾಕುವುದು ವಾಡಿಕೆ.

ಇದು ಮೊದಲಿಗೆ ಓಸಾಕಾ ಸೀಮೆಯ ಪದ್ಧತಿಯಾಗಿತ್ತು. 1970ರ ದಶಕದಲ್ಲಿ ಅಲ್ಲಿನ ನೋರಿ ವರ್ತಕರು ತಮ್ಮ ಸರಕಿನ ಮಾರಾಟಕ್ಕಾಗಿ ಇದನ್ನು ಮತ್ತೆ ಪ್ರಚಾರಕ್ಕೆ ತಂದರು. 1989ರಲ್ಲಿ ಸೆವೆನ್ ಇಲೆವೆನ್ ಮಳಿಗೆಗಳು ಹಿರೋಷಿಮಾದಲ್ಲಿ ಇದನ್ನು ಮಾರತೊಡಗಿ, 1998ರಲ್ಲಿ ದೇಶದಾದ್ಯಂತ ಹಬ್ಬಿಸಿದವು. ಒಂದು ಸೀಮೆಯ ಪದ್ಧತಿಯು ಇಡೀ ದೇಶದ ವ್ಯಾಪಾರವಾಯಿತು.

ತೊಡಕು ಅಲ್ಲಿಂದಲೇ ಆರಂಭವಾಯಿತು. ಸಿದ್ಧ ಸುರುಳಿಗೆ ಒಂದೇ ದಿನದ ಆಯುಷ್ಯ. ಫೆಬ್ರವರಿ 3ರ ರಾತ್ರಿ ಉಳಿದದ್ದನ್ನು 4ರ ಬೆಳಿಗ್ಗೆ ಯಾರೂ ಕೇಳುವುದಿಲ್ಲ. ಮಳಿಗೆಗಳು ಪೈಪೋಟಿಯಿಂದ ಹೆಚ್ಚು ಹೆಚ್ಚು ತಯಾರಿಸಿದವು. ರಾಶಿ ರಾಶಿ ಸುರುಳಿಗಳು ಕಸಕ್ಕೆ ಹೋದವು. ನೌಕರರಿಗೆ ಇಂತಿಷ್ಟು ಮಾರಬೇಕೆಂಬ ಒತ್ತಡ ಹೇರಲಾಗುತ್ತಿದೆ ಎಂಬ ದೂರುಗಳೂ ಕೇಳಿಬಂದವು. 2018ರಲ್ಲಿ ಹ್ಯೋಗೊ ಪ್ರಾಂತದ ಒಂದು ಮಳಿಗೆಯು, ಈ ಪೈಪೋಟಿ ಇನ್ನು ಸಾಕು, ಹಿಂದಿನ ವರ್ಷ ಮಾರಾಟವಾದಷ್ಟನ್ನೇ ಈ ವರ್ಷವೂ ತಯಾರಿಸುತ್ತೇವೆ ಎಂದು ಕರಪತ್ರದಲ್ಲಿ ಪ್ರಕಟಿಸಿ ದೇಶದ ಗಮನ ಸೆಳೆಯಿತು. ಮರುವರ್ಷ, 2019ರ ಜನವರಿಯಲ್ಲಿ, ಬೇಡಿಕೆಗೆ ತಕ್ಕಷ್ಟೇ ತಯಾರಿಸುವಂತೆ ಜಪಾನಿನ ಕೃಷಿ ಸಚಿವಾಲಯವೇ ಚಿಲ್ಲರೆ ವ್ಯಾಪಾರಿಗಳ ಸಂಘಟನೆಗಳನ್ನು ಕೋರಿತು. ಆಹಾರ ಪೋಲಾಗುವುದನ್ನು ತಗ್ಗಿಸುವ ಕಾಯಿದೆಯೂ ಅದೇ ವರ್ಷ ಜಾರಿಗೆ ಬಂದಿತು.

ಇತ್ತ ಮನೆಯಲ್ಲಿಯೇ ಸುರುಳಿ ಸುತ್ತುವ ಕುಟುಂಬಗಳಲ್ಲಿ ಈ ಸಮಸ್ಯೆ ಇಲ್ಲ. ಅಕ್ಕಿ, ನೋರಿ, ಸೌತೆಕಾಯಿ, ಮೊಟ್ಟೆಗಳನ್ನು ತಂದು ಎಷ್ಟು ಜನರೋ ಅಷ್ಟೇ ಸುತ್ತುತ್ತಾರೆ. ಉಳಿದ ನೋರಿ ಹಾಳೆಯು ಡಬ್ಬಿಯಲ್ಲಿ ಮುಂದಿನ ವಾರಕ್ಕೆ ಉಳಿಯುತ್ತದೆ. ನೋರಿ ವರ್ತಕರು ಮೊದಲು ಬಯಸಿದ್ದು ತಮ್ಮ ಹಾಳೆಗಳ ಮಾರಾಟವನ್ನು, ಹಾಳೆ ಕೆಡುವುದಿಲ್ಲ. ಪೋಲಾದದ್ದು ಸಿದ್ಧ ಸುರುಳಿ.

ಸರಳ ಲೆಕ್ಕ

ಈ ಅಂತರವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಬ್ಬ ತಯಾರಕರು ಒಂದು ದಿನಕ್ಕೆ ಮಾತ್ರ ಸಲ್ಲುವ 100 ಪೊಟ್ಟಣ ಸಿಹಿ ತಿನಿಸನ್ನು ಸಿದ್ಧಪಡಿಸುತ್ತಾರೆ ಎಂದಿಟ್ಟುಕೊಳ್ಳೋಣ. ಪೊಟ್ಟಣವೊಂದಕ್ಕೆ ತಗಲುವ ವೆಚ್ಚ 40 ರೂಪಾಯಿ; ಮಾರುವ ಬೆಲೆ 50 ರೂಪಾಯಿ. ಒಟ್ಟು ಹೂಡಿದ ಹಣ 4,000 ರೂಪಾಯಿ. ಎಲ್ಲವೂ ಖರ್ಚಾದರೆ 1,000 ರೂಪಾಯಿ ಲಾಭ. ಆದರೆ 20 ಪೊಟ್ಟಣ ಉಳಿದು ಕೆಟ್ಟರೆ ಬರುವುದು 4,000 ರೂಪಾಯಿ ಮಾತ್ರ. ಲಾಭವೆಲ್ಲ ಅಲ್ಲಿಗೆ ಮುಗಿಯಿತು. ಇಪ್ಪತ್ತೊಂದನೆಯ ಪೊಟ್ಟಣದಿಂದ ನಷ್ಟ ಆರಂಭ.

ಅದೇ ತಯಾರಕರು ಆ ತಿನಿಸಿಗೆ ಬೇಕಾಗುವ ಹುರಿದ ಹಿಟ್ಟನ್ನೋ ಹೂರಣದ ಪುಡಿಯನ್ನೋ ಅದೇ ವೆಚ್ಚ, ಅದೇ ಬೆಲೆಗೆ 100 ಪೊಟ್ಟಣ ಕಟ್ಟಿದರೆ, ಉಳಿದ 20 ಪೊಟ್ಟಣ ದಾಸ್ತಾನಾಗಿ ಉಳಿಯುತ್ತದೆ. ಮುಂದಿನ ವಾರ ನಿಧಾನವಾಗಿ ಮಾರಾಟವಾದರೂ ಒಟ್ಟು 1,000 ರೂಪಾಯಿ ಲಾಭ ಕೈಗೆ ಬರುತ್ತದೆ. ಸಣ್ಣ ಬಂಡವಾಳದವರಿಗೆ ಈ ಭೇದವೇ ಉಳಿವು ಅಳಿವಿನ ಪ್ರಶ್ನೆ.

ನಮ್ಮ ನೆಲದ ಸಣ್ಣ ಹಬ್ಬಗಳು

ಮನೆಯ ಅಡುಗೆಯನ್ನೇ ಜೀವಾಳವಾಗಿ ಉಳ್ಳ ದಿನಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಒಂದು ಜಿಲ್ಲೆಯ ಹಬ್ಬ ಮತ್ತೊಂದು ಜಿಲ್ಲೆಗೆ ಅಪರಿಚಿತವಾಗಿರುವುದರಿಂದ ಅವು ರಾಜ್ಯಮಟ್ಟದ ವ್ಯಾಪಾರದ ಲೆಕ್ಕಕ್ಕೆ ಬರುವುದು ಕಡಿಮೆ.

ಬೀದರ್, ಕಲಬುರಗಿ, ವಿಜಯಪುರ ಭಾಗದ ಎಳ್ಳು ಅಮಾವಾಸ್ಯೆ ಇವುಗಳಲ್ಲಿ ಮುಖ್ಯವಾದುದು. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ, ಹಿಂಗಾರಿನ ಜೋಳ ಮತ್ತು ಕಡಲೆ ಹೊಲದಲ್ಲಿ ನಿಂತಿರುವ ಕಾಲದಲ್ಲಿ ಇದು ಬರುತ್ತದೆ. ಪಟ್ಟಣ ಸೇರಿದ ಮಕ್ಕಳು, ಬೀಗರು, ನೆರೆಹೊರೆಯವರು ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬೆಳೆಯ ನಡುವೆ ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಭೂತಾಯಿಗೆ ಚರಗ ಚೆಲ್ಲಿ, ಬಳಿಕ ಊಟಕ್ಕೆ ಕೂರುತ್ತಾರೆ. ಸಜ್ಜೆಯ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಪುಂಡಿಪಲ್ಲೆ, ಬಗೆಬಗೆಯ ಚಟ್ನಿಪುಡಿ. ಇವೆಲ್ಲಕ್ಕಿಂತ ಮಿಗಿಲಾಗಿ ಭಜ್ಜಿ. ಇಲ್ಲಿ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬದನೆ, ಮೆಂತ್ಯ ಮುಂತಾಗಿ ಆ ಕಾಲದಲ್ಲಿ ದೊರೆಯುವ ಕಾಳು, ಸೊಪ್ಪು, ತರಕಾರಿಗಳನ್ನೆಲ್ಲ ಒಟ್ಟಿಗೆ ಬೇಯಿಸಿ ಕಡಲೆಹಿಟ್ಟು ಕೂಡಿಸಿದ ಪಲ್ಯ. ಮನೆಮನೆಗೂ ಅದರ ರುಚಿ ಬೇರೆ.

ಈ ಒಂದು ಊಟಕ್ಕೆ ಬೇಕಾಗುವ ಸಾಮಗ್ರಿಯ ಪಟ್ಟಿಯನ್ನು ವರ್ತಕರ ಕಣ್ಣಿನಿಂದ ನೋಡಬೇಕು. ಸಜ್ಜೆ, ಜೋಳ, ಎಳ್ಳು, ಶೇಂಗಾ, ಬೆಲ್ಲ, ಕಡಲೆಹಿಟ್ಟು, ಬೆಳ್ಳುಳ್ಳಿ, ಮಜ್ಜಿಗೆ ಮೆಣಸಿನಕಾಯಿ, ಹುಣಸೆ, ಮಸಾಲೆ, ಹತ್ತು ಬಗೆಯ ತರಕಾರಿ. ಇದರಲ್ಲಿ ಒಂದೇ ಕಂಪನಿಯ ಒಂದೇ ಸರಕಿಗೆ ಮೀಸಲಾದುದು ಯಾವುದೂ ಇಲ್ಲ. ಹಿಟ್ಟಿನ ಗಿರಣಿಯಿಂದ ಸಂತೆಯ ತರಕಾರಿ ಮಾರುವವಳವರೆಗೆ ಎಲ್ಲರ ಪಾಲೂ ಇದೆ.

ಮಲೆನಾಡಿನ ಭೂಮಿ ಹುಣ್ಣಿಮೆಯೂ ಇದೇ ಬಗೆಯದು. ಆಶ್ವಯುಜದ ಹುಣ್ಣಿಮೆಯಂದು ತೆನೆಗಟ್ಟುವ ಭತ್ತದ ಗದ್ದೆಗೆ ಬಸುರಿಗೆ ಬಯಕೆ ಊಟ ಬಡಿಸುವಂತೆ ಎಡೆ ಇಡುತ್ತಾರೆ. ಕೊಡಗಿನಲ್ಲಿ ಕಕ್ಕಡ ತಿಂಗಳ 18ನೆಯ ದಿನ, ಆಗಸ್ಟ್ 3ರಂದು, ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅಂದು ಆ ಗಿಡದಲ್ಲಿ 18 ಬಗೆಯ ಔಷಧ ಕೂಡಿರುತ್ತದೆ ಎಂಬುದು ನಂಬಿಕೆ. ಸೊಪ್ಪನ್ನು ಕುದಿಸಿದಾಗ ಬರುವ ಕಡು ನೇರಳೆ ಬಣ್ಣವನ್ನು ನೋಡಲು ಮಕ್ಕಳು ಒಲೆಯ ಬಳಿ ಕಾಯುತ್ತಾರೆ.

ಕರಾವಳಿಯಲ್ಲಿ ಆಟಿ ತಿಂಗಳ ಅಮಾವಾಸ್ಯೆಯಂದು ಹಾಲೆಮರದ ತೊಗಟೆಯ ಕಷಾಯ ಕುಡಿದು ಮೆಂತ್ಯದ ಗಂಜಿ ಉಣ್ಣುವ ಪದ್ಧತಿಯಿದೆ. ಕೆಸುವಿನೆಲೆಯ ಪತ್ರೊಡೆಯೂ ಈ ಮಳೆಗಾಲದ ತಿಂಡಿಯೇ. ಈ ತಿಂಗಳ ಅಡುಗೆಗಳನ್ನು ನೆನಪಿಸಲು ತುಳು ಸಂಘಟನೆಗಳು ‘ಆಟಿಡೊಂಜಿ ದಿನ’ ಎಂಬ ಕಾರ್ಯಕ್ರಮಗಳನ್ನು ಊರೂರುಗಳಲ್ಲಿ ನಡೆಸುತ್ತಿವೆ. ಸೆಪ್ಟೆಂಬರ್ 8ರಂದು ಮಂಗಳೂರು, ಉಡುಪಿ ಭಾಗದ ಕೊಂಕಣಿ ಕ್ರೈಸ್ತರು ಮೊಂತಿ ಫೆಸ್ತ್ ಎಂಬ ತೆನೆಹಬ್ಬವನ್ನು ಆಚರಿಸುತ್ತಾರೆ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಅಕ್ಕಿಯನ್ನು ಹಾಲು ಇಲ್ಲವೇ ಪಾಯಸಕ್ಕೆ ಬೆರೆಸಿ, ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮೀನು ಮತ್ತು ಮಾಂಸ ಪ್ರಿಯವಾದ ಮನೆಗಳಲ್ಲಿಯೂ ಅಂದು ಸಂಪೂರ್ಣ ಸಸ್ಯಾಹಾರ. ಬಾಳೆಯೆಲೆಯ ಮೇಲೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳಿರಬೇಕು. ಬೆಂಡೆ, ಹಾಗಲ, ಕೆಸುವಿನ ದಂಟು, ಕಬ್ಬು ಮತ್ತು ಹೂವಿನ ವ್ಯಾಪಾರಿಗಳಿಗೆ ಆ ವಾರ ಬಿಡುವಿರುವುದಿಲ್ಲ.

ಹೊಸ ದಿನಗಳಿಗೂ ಹಳೆಯ ಅಡುಗೆ ಸಲ್ಲುತ್ತದೆ

ವಿಶ್ವಸಂಸ್ಥೆಯು 2016ನ್ನು ಬೇಳೆಕಾಳುಗಳ ವರ್ಷವೆಂದು ಆಚರಿಸಿ, ಬಳಿಕ ಫೆಬ್ರವರಿ 10ನ್ನು ವಿಶ್ವ ಬೇಳೆಕಾಳು ದಿನವೆಂದು ನಿಗದಿಪಡಿಸಿತು. 2019ರಿಂದ ಈ ದಿನಾಚರಣೆ ನಡೆದುಬಂದಿದೆ. ಭಾರತದ ಪ್ರಸ್ತಾವದ ಮೇರೆಗೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಲಾಯಿತು. ಬೇಳೆಕಾಳುಗಳನ್ನು ಅತಿ ಹೆಚ್ಚು ಬೆಳೆಯುವ, ಅತಿ ಹೆಚ್ಚು ಬಳಸುವ ದೇಶ ಭಾರತವೇ ಆಗಿರುವುದರಿಂದ, ಫೆಬ್ರವರಿ 10ರ ದಿನವು ನಮಗೆ ಪರಕೀಯವಲ್ಲ. ತೊಗರಿಯ ಕಣಜವೆನಿಸಿದ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಅಲ್ಲಿನ ಬೇಳೆ ಗಿರಣಿಗಳವರಿಗೆ ಈ ದಿನವು ತಮ್ಮ ಸರಕಿನ ಹೆಸರನ್ನು ಗಿರಾಕಿಗಳ ಮನೆಗೆ ತಲುಪಿಸಲು ತಕ್ಕ ಸಂದರ್ಭ.

ಭಾಷಣ ಮತ್ತು ಫಲಕಗಳಿಂದ ಇದು ಆಗುವ ಕೆಲಸವಲ್ಲ. ಆಗಬೇಕಾದುದು ಒಂದು ಮನೆಯೂಟದಿಂದ. ಅಂದಿನ ಊಟಕ್ಕೆ ಹೊಸದೇನನ್ನೂ ಕಲಿಯಬೇಕಾಗಿಲ್ಲ. ನೆನೆಸಿದ ಹೆಸರುಬೇಳೆಯ ಕೋಸಂಬರಿ, ಕಡಲೆಕಾಳಿನ ಉಸಲಿ, ತೊಗರಿಬೇಳೆಯ ತೊವ್ವೆ, ಮೊಳಕೆ ಹುರುಳಿಯ ಸಾರು, ಕಡಲೆಬೇಳೆಯ ಹೋಳಿಗೆ. ಇಷ್ಟಕ್ಕೆ ಐದು ಬಗೆಯ ಕಾಳು ಮತ್ತು ಬೇಳೆ ಎಲೆಯ ಮೇಲೆ ಬಂದವು. ಹೋಳಿಗೆಗೆ ಬೇಯಿಸಿದ ಬೇಳೆಯ ಕಟ್ಟನ್ನು ಚೆಲ್ಲದೆ ಸಾರಿಗೆ ಬಳಸುವುದು ನಮ್ಮ ಮನೆಗಳ ಹಳೆಯ ಜಾಣ್ಮೆ. ಪ್ಯಾನ್‌ಕೇಕ್ ದಿನದ ಮೂಲದಲ್ಲಿರುವ ಉಳಿತಾಯದ ಬುದ್ಧಿಯೂ ಇದೇ. ಹಿಂದಿನ ದಿನವೇ ಕಾಳು ನೆನೆಹಾಕುವುದು, ಕೋಸಂಬರಿಗೆ ಸೌತೆಕಾಯಿ ಹೆಚ್ಚಿಕೊಡುವುದು, ಹೂರಣದ ಉಂಡೆ ಕಟ್ಟುವುದು ಮಕ್ಕಳ ಪಾಲಿಗಿರಲಿ. ತಾವೇ ಕಟ್ಟಿದ ಉಂಡೆಯ ಹೋಳಿಗೆಯನ್ನು ಬೇಡವೆನ್ನುವ ಮಗು ವಿರಳ.

2015ರಲ್ಲಿ ಚೆನ್ನೈ ನಗರದಲ್ಲಿ ಆರಂಭವಾದ ವಿಶ್ವ ಇಡ್ಲಿ ದಿನ, ಮಾರ್ಚ್ 30, ಇಂತಹ ಮತ್ತೊಂದು ಅವಕಾಶ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವುಂಟಾದಾಗ ರವೆಯಿಂದ ಇಡ್ಲಿ ಮಾಡಿದ್ದು ತಾವೆಂದು ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆ ಹೇಳಿಕೊಂಡು ಬಂದಿದೆ. ಮನೆಯಲ್ಲಿ ಅಂದು ರವೆ ಇಡ್ಲಿ, ಅಕ್ಕಿ ಇಡ್ಲಿ, ಹಲಸಿನೆಲೆಯ ಕೊಟ್ಟೆ ಕಡುಬು, ರಾಗಿ ಇಡ್ಲಿ ಎಂದು ಬಗೆಬಗೆಯಾಗಿ ಮಾಡಿದರೆ ಅದೇ ಒಂದು ಸಣ್ಣ ಹಬ್ಬ.

ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಮೊದಲನೆಯದು, ದಿನಾಂಕದ ಎಚ್ಚರ. ಫೆಬ್ರವರಿ 10, ಮಾರ್ಚ್ 30, ಆಗಸ್ಟ್ 3, ಸೆಪ್ಟೆಂಬರ್ 8 ಸ್ಥಿರವಾದ ದಿನಗಳು. ಎಳ್ಳು ಅಮಾವಾಸ್ಯೆ, ಭೂಮಿ ಹುಣ್ಣಿಮೆ, ಆಟಿ ಅಮಾವಾಸ್ಯೆಗಳು ತಿಥಿಯನ್ನು ಅನುಸರಿಸಿ ಹಿಂದುಮುಂದಾಗುತ್ತವೆ. ವರ್ಷಾರಂಭದಲ್ಲಿಯೇ ಪಂಚಾಂಗ ನೋಡಿ ಗುರುತಿಟ್ಟುಕೊಂಡು, ಹಬ್ಬಕ್ಕೆ ಮೂರು ನಾಲ್ಕು ವಾರ ಮುಂಚೆಯೇ ಸರಕನ್ನು ಅಂಗಡಿಗೆ ತಲುಪಿಸಬೇಕು. ಹಬ್ಬದ ಮುನ್ನಾದಿನ ತಲುಪಿದ ಸರಕು ಹಬ್ಬದ ಸರಕಲ್ಲ.

ಎರಡನೆಯದು, ಒಂದು ದಿನದಲ್ಲಿ ಕೆಡುವ ತಿನಿಸಿಗಿಂತ ಅಡುಗೆಯ ಸಾಮಗ್ರಿಗೆ ಆದ್ಯತೆ. ಸಜ್ಜೆಹಿಟ್ಟು, ಹುರಿದ ಎಳ್ಳಿನ ಪುಡಿ, ಶೇಂಗಾ ಹೂರಣದ ಪುಡಿ, ಪತ್ರೊಡೆಯ ಮಸಾಲೆ, ಐದು ಬಗೆಯ ಕಾಳುಗಳ ಒಂದು ಕಟ್ಟು ಇಂತಹವು ದಿನ ಕಳೆದರೂ ಮಾರಾಟವಾಗುತ್ತವೆ. ಸಿದ್ಧ ತಿನಿಸನ್ನೇ ಮಾಡುವುದಾದರೆ ಮುಂಗಡ ಬೇಡಿಕೆ ಪಡೆದು, ಬಂದ ಬೇಡಿಕೆಯಷ್ಟೇ ಮಾಡುವುದು ಲೇಸು.

ಮೂರನೆಯದು, ಪೊಟ್ಟಣದ ಅಳತೆ. ನಾಲ್ಕೈದು ಜನರ ಮನೆಗೆ ಒಂದು ಊಟಕ್ಕೆ ಸಾಕಾಗುವಷ್ಟು ಸಣ್ಣ ಪೊಟ್ಟಣವಿದ್ದರೆ ಹೊಸಬರೂ ಧೈರ್ಯವಾಗಿ ಕೊಳ್ಳುತ್ತಾರೆ. ಒಳಗೆ ಕನ್ನಡದಲ್ಲಿ ಅಚ್ಚಾದ ಪಾಕವಿಧಾನದ ಚೀಟಿಯಿರಲಿ. ಊರು ಬಿಟ್ಟು ಬೆಂಗಳೂರು, ಪುಣೆ, ಮುಂಬಯಿ ಸೇರಿದ ಎಳೆಯ ದಂಪತಿಗಳಿಗೆ ಭಜ್ಜಿ ತಿಂದು ಗೊತ್ತು, ಮಾಡಿ ಗೊತ್ತಿಲ್ಲ. ಅವರಿಗೆ ಆ ಚೀಟಿಯೇ ಅತ್ತೆಯ ಸ್ಥಾನದಲ್ಲಿ ನಿಂತು ಹೇಳಿಕೊಡುತ್ತದೆ.

ನಾಲ್ಕನೆಯದು, ಕಾನೂನು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಮನೆಯಲ್ಲಿ ನಡೆಸುವ ಸಣ್ಣ ಆಹಾರ ಉದ್ಯಮಕ್ಕೂ ನೋಂದಣಿ ಅಗತ್ಯ. ತಯಾರಿಸಿದ ದಿನಾಂಕ, ಬಳಸಬಹುದಾದ ಅವಧಿ, ಒಳಗಿರುವ ಪದಾರ್ಥಗಳ ವಿವರ ಪೊಟ್ಟಣದ ಮೇಲಿರಬೇಕು. ಶೇಂಗಾ, ಎಳ್ಳುಗಳು ಕೆಲವರ ದೇಹಕ್ಕೆ ಒಗ್ಗದ ಕಾರಣ ಈ ವಿವರ ಕೇವಲ ಔಪಚಾರಿಕವಲ್ಲ. ಮದ್ದುಸೊಪ್ಪು, ಹಾಲೆತೊಗಟೆಗಳಂತಹ ಸಸ್ಯಗಳನ್ನು ಗುರುತು ಬಲ್ಲವರಿಂದಲೇ ಪಡೆಯಬೇಕು. ಹಾಲೆಯ ತೊಗಟೆಯೆಂದು ತಿಳಿದು ಬೇರೆ ಮರದ ತೊಗಟೆ ಬಳಸುವುದು ಪ್ರಾಣಕ್ಕೇ ಅಪಾಯ. ಇವುಗಳ ಮೇಲೆ ರೋಗ ಗುಣವಾಗುತ್ತದೆಂಬ ಭರವಸೆಯನ್ನು ಅಚ್ಚು ಹಾಕಿಸುವುದೂ ಸಲ್ಲದು.

ಐದನೆಯದು, ಹಬ್ಬದ ಮರ್ಯಾದೆ. ಚರಗ ಚೆಲ್ಲುವುದು, ತೆನೆ ಹಂಚುವುದು ಜನರ ಶ್ರದ್ಧೆಗೆ ಸೇರಿದ ಕಾರ್ಯಗಳು. ಜಾಹೀರಾತಿಗಾಗಿ ಅವುಗಳನ್ನು ಹಗುರವಾಗಿ ಬಳಸಿದರೆ ಗಿರಾಕಿಗಳ ಮನಸ್ಸು ನೋಯುತ್ತದೆ. ನೊಂದ ಗಿರಾಕಿ ಮರಳಿ ಬರುವುದಿಲ್ಲ.

ದೊಡ್ಡ ಹಬ್ಬಗಳ ಮಾರುಕಟ್ಟೆಯಲ್ಲಿ ದೊಡ್ಡ ಬಂಡವಾಳದವರೊಡನೆ ಸೆಣಸುವುದು ಸಣ್ಣವರಿಗೆ ಕಷ್ಟ. ಆದರೆ ಒಂದು ತಾಲ್ಲೂಕಿನ ಭಜ್ಜಿಗೆ ಯಾವ ಕಾಳು ಬೇಕು, ಒಂದು ಊರಿನ ಪತ್ರೊಡೆಗೆ ಎಷ್ಟು ಹುಳಿ ಬೇಕು ಎಂಬುದು ಆ ಊರಿನ ವ್ಯಾಪಾರಿಗೆ ಗೊತ್ತಿರುವಂತೆ ಮತ್ತಾರಿಗೂ ಗೊತ್ತಿಲ್ಲ. ಆ ತಿಳಿವಳಿಕೆಗೆ ಬಡ್ಡಿಯಿಲ್ಲ, ಬಾಡಿಗೆಯಿಲ್ಲ. ಜಪಾನಿನ ಮಳಿಗೆಗಳು ಬಹಳ ಸರಕನ್ನು ಕಸಕ್ಕೆ ಸುರಿದ ಮೇಲೆ ಕಲಿತ ಪಾಠವನ್ನು ನಮ್ಮವರು ಖರ್ಚಿಲ್ಲದೆ ಕಲಿಯಬಹುದು: ಮನೆಯವರು ತಾವೇ ಒಲೆ ಹಚ್ಚುವಂತೆ ಮಾಡಿದ ವರ್ತಕನ ಸರಕು ಹಬ್ಬ ಕಳೆದ ಮರುದಿನವೂ ಮಾರಾಟವಾಗುತ್ತದೆ.